ಹೊಸದೆಂದು ಕೊಂಡ ಡಿಸ್ಕನ್ನು ಪರೀಕ್ಷಿಸದೆ ಹಾಕಬೇಡಿ

ಬೆಂಗಳೂರಿನ ಸಂಸ್ಥೆಯೊಂದರಲ್ಲಿ ತಾಳೆಗರಿ ಹಸ್ತಪ್ರತಿಗಳ ಸ್ಕ್ಯಾನ್ ಚಿತ್ರಗಳಿರುವ ಸ್ಟೋರೇಜ್ ನನ್ನ ಹೊಣೆ. 8 ಟೆರಾಬೈಟಿನ 12 ಡಿಸ್ಕ್‌ಗಳು, ರೇಡ್ 5, ಅಂದರೆ ಎಲ್ಲವನ್ನೂ ಒಂದೇ ಗುಂಪಾಗಿ (ಅರೇ) ಸೇರಿಸುವ ವ್ಯವಸ್ಥೆ. ಅದರಲ್ಲಿದ್ದ ಹನ್ನೊಂದು ದಿನಗಳ ಕೆಲಸ ನನ್ನ ಆತುರದಿಂದ ಹೋಯಿತು.

ಶನಿವಾರ ಸಂಜೆ ಒಂದು ಡಿಸ್ಕಿನ ಕಿತ್ತಳೆ ದೀಪ ಹೊತ್ತಿಕೊಂಡಿತು. ಸರ್ವಿಸ್ ಕರಾರು ಮುಗಿದಿತ್ತು. ನಗರದ ವ್ಯಾಪಾರಿಯೊಬ್ಬರಿಂದ ಅದೇ ಅಳತೆಯ ಎರಡು ಡಿಸ್ಕ್ ತಂದೆ. ಪೊಟ್ಟಣದ ಸೀಲ್ ಒಡೆದಿರಲಿಲ್ಲ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ದಾಖಲೆಯಲ್ಲಿ ಓಡಿದ ಗಂಟೆಗಳು ಸೊನ್ನೆ. ಅಷ್ಟನ್ನೇ ನಂಬಿ ಒಂದನ್ನು ಹಾಕಿದೆ. ರೀಬಿಲ್ಡ್, ಅಂದರೆ ಉಳಿದವುಗಳನ್ನು ಓದಿ ಕೆಟ್ಟ ಡಿಸ್ಕಿನ ಮಾಹಿತಿಯನ್ನು ಹೊಸದರಲ್ಲಿ ಮತ್ತೆ ಬರೆಯುವ ಕೆಲಸ, ಆರಂಭವಾಗಿ ಒಂಬತ್ತು ಗಂಟೆ ಕಳೆದಾಗ ಆ ‘ಹೊಸ’ ಡಿಸ್ಕೇ ಬರೆಯುವುದನ್ನು ನಿಲ್ಲಿಸಿತು. ಎರಡನೆಯದನ್ನು ಹಾಕಿದೆ. ಉಳಿದ ಹನ್ನೊಂದು ಹಳೆಯ ಡಿಸ್ಕ್‌ಗಳನ್ನು ಮತ್ತೆ ಮೊದಲಿನಿಂದ ಓದಬೇಕಾಯಿತು. ಭಾನುವಾರ ರಾತ್ರಿ ಅವುಗಳಲ್ಲೊಂದು ಕೈಕೊಟ್ಟಿತು. ರೇಡ್ 5 ಒಂದು ಡಿಸ್ಕ್ ಹೋದರೆ ತಾಳಿಕೊಳ್ಳುತ್ತದೆ, ಎರಡು ಹೋದರೆ ಇಲ್ಲ.

ನನ್ನನ್ನು ಇಂದಿಗೂ ಚುಚ್ಚುವುದು ಬೇರೆಯೇ. ಶನಿವಾರ ಸಂಜೆ ಅರೇ ಇನ್ನೂ ಓದಲು ಸಿಗುತ್ತಿತ್ತು. ಕೊನೆಯ ಟೇಪ್ ಬ್ಯಾಕಪ್ ಆದ ಮೇಲಿನ ಫೈಲ್‌ಗಳನ್ನು ಮೊದಲು ಬೇರೆ ಕಡೆ ನಕಲಿಸಿಕೊಂಡಿದ್ದರೆ ಎಲ್ಲವೂ ಉಳಿಯುತ್ತಿತ್ತು. ರೀಬಿಲ್ಡ್ ಎಂದರೆ ಸೋತಿರುವ ಡಿಸ್ಕ್‌ಗಳಿಂದ ಗಂಟೆಗಟ್ಟಲೆ ಎಡೆಬಿಡದೆ ದುಡಿಸಿಕೊಳ್ಳುವುದು. ಕೆಲಸ ನಿಧಾನವಾಗುತ್ತದೆಂದು ಹಿನ್ನೆಲೆಯಲ್ಲಿ ಡಿಸ್ಕ್‌ಗಳನ್ನು ಓದಿ ತಪಾಸಣೆ ಮಾಡುವ ಪ್ಯಾಟ್ರೋಲ್ ರೀಡನ್ನೂ ನಾನೇ ನಿಲ್ಲಿಸಿದ್ದೆ. ಅದು ಓಡುತ್ತಿದ್ದರೆ ಹಾಳಾದ ಸೆಕ್ಟರ್‌ಗಳು ತಿಂಗಳುಗಳ ಮೊದಲೇ ಕಾಣಿಸಿಕೊಳ್ಳುತ್ತಿದ್ದವೋ ಏನೋ. ಹೋದ ಚಿತ್ರಗಳಲ್ಲಿ ಒಂದು ಕಟ್ಟಿನ ಮೂಲವನ್ನು ಅದರ ಮನೆತನದವರಿಗೆ ಆಗಲೇ ಹಿಂದಿರುಗಿಸಿದ್ದೆವು.

ಸ್ಮಾರ್ಟ್ ದಾಖಲೆಯನ್ನು ಅಳಿಸಿ ಸೊನ್ನೆ ಮಾಡಬಹುದು. ಸೀಗೇಟ್ ಡಿಸ್ಕ್‌ಗಳಲ್ಲಿ ಓಡಿದ ಗಂಟೆಗಳನ್ನು ಬೇರೆಯಾಗಿ ಬರೆದಿಡುವ ಫಾರ್ಮ್ ಎಂಬ ಇನ್ನೊಂದು ದಾಖಲೆ ಇರುತ್ತದೆ. ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ತಂತ್ರಾಂಶದ 7.4 ಆವೃತ್ತಿಯಿಂದೀಚೆಗೆ ಅದನ್ನು ಓದಬಹುದು. 2025ರ ಆರಂಭದಲ್ಲಿ ಜರ್ಮನಿಯಲ್ಲಿ, ಬಳಸಿದ ಡಿಸ್ಕ್‌ಗಳನ್ನು ಹೊಸದೆಂದು ಮಾರಿದ್ದು ಬಯಲಾದದ್ದು ಈ ದಾಖಲೆಯಿಂದಲೇ. ನಾನು ಕೊಂಡ ಎರಡರಲ್ಲೂ ಅದು 25,000 ಗಂಟೆ ದಾಟಿತ್ತು. ಇದು ತಯಾರಕರ ತಪ್ಪಲ್ಲ, ಮಾರಾಟದ ದಾರಿಯಲ್ಲಿ ಯಾರೋ ಮಾಡಿದ ಮೋಸ.

ಈಗ ಯಾವ ಡಿಸ್ಕ್ ಬಂದರೂ ಬೇರೆ ಯಂತ್ರಕ್ಕೆ ಹಾಕಿ, ಮೊದಲು ಎರಡೂ ದಾಖಲೆಗಳನ್ನು ಹೋಲಿಸಿ ನೋಡುತ್ತೇನೆ. ಆಮೇಲೆ ಸ್ಮಾರ್ಟ್‌ನ ದೀರ್ಘ ಪರೀಕ್ಷೆ, ಅದಾದ ಮೇಲೆ ಬ್ಯಾಡ್‌ಬ್ಲಾಕ್ಸ್ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿಗೆ ಬರೆದು ಓದಿ ನೋಡುವ ಪರೀಕ್ಷೆ. 8 ಟೆರಾಬೈಟಿಗೆ ಇದು ಕೆಲವು ದಿನಗಳನ್ನೇ ಹಿಡಿಯುತ್ತದೆ. ಬ್ಯಾಡ್‌ಬ್ಲಾಕ್ಸ್‌ಗೆ ಬ್ಲಾಕ್ ಗಾತ್ರ 4096 ಬೈಟ್ ಎಂದು ಕೊಡಿ, ಸಹಜ ಗಾತ್ರದಲ್ಲಿ ಇಷ್ಟು ದೊಡ್ಡ ಡಿಸ್ಕನ್ನು ಅದು ಒಪ್ಪುವುದಿಲ್ಲ. ಈ ಪರೀಕ್ಷೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುತ್ತದೆ, ಆದ್ದರಿಂದ ಕ್ರಮಸಂಖ್ಯೆಯನ್ನು ಎರಡು ಬಾರಿ ನೋಡಿಕೊಳ್ಳಿ. ಡಿಸ್ಕ್ ಕೆಟ್ಟ ಮೇಲೆ ಇದಕ್ಕೆಲ್ಲ ಸಮಯ ಸಿಗುವುದಿಲ್ಲ. ಹಾಗಾಗಿ ಪರೀಕ್ಷಿಸಿದ ಎರಡು ಡಿಸ್ಕ್‌ಗಳು ಈಗ ಸದಾ ಕಪಾಟಿನಲ್ಲಿರುತ್ತವೆ.

ವ್ಯಾಪಾರಿ ತಕರಾರಿಲ್ಲದೆ ಹಣ ಹಿಂದಿರುಗಿಸಿ ಎರಡೂ ಡಿಸ್ಕ್‌ಗಳನ್ನು ವಾಪಸು ತೆಗೆದುಕೊಂಡರು. ಅವು ಮತ್ತೆ ಸೀಲ್ ಆಗಿ ಯಾರದೋ ಅರೇ ಸೇರುತ್ತವೆ ಎಂಬ ಭಯದಿಂದಲೇ ಇದನ್ನು ಬರೆದಿದ್ದೇನೆ.