ಗೋಬರ್ ಗ್ಯಾಸ್ ಗುಂಡಿಗೆ ದಂಟು, ಅಡಿಕೆ ಸಿಪ್ಪೆ ತುಂಬುವ ಮುನ್ನ ಇದನ್ನು ಓದಿ

"ಹೊಲದ ಕಸ ಏನಿದ್ದರೂ ಹಾಕಿ, ಗ್ಯಾಸ್ ಬರುತ್ತೆ" ಎಂಬ ಮಾತು ನಂಬಿ ಒಂದು ಮನೆಯ 2 ಘನ ಮೀಟರಿನ ದೀನಬಂಧು ಮಾದರಿಯ (ಕದಲದ ಗುಮ್ಮಟವಿರುವ) ಗೋಬರ್ ಗ್ಯಾಸ್ ಸ್ಥಾವರ ಪೂರ್ತಿ ಕೆಟ್ಟು ನಿಂತಿತು. ಈ ಅಳತೆಗೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ಹಸು ಮಾರಿದ ಮೇಲೆ ಸಗಣಿ 20 ಕೆ.ಜಿ.ಗೆ ಇಳಿಯಿತು. ಕೊರತೆ ತುಂಬಲು ಮೆಕ್ಕೆಜೋಳದ ದಂಟು, ಹಸಿ ಒಣ ಎರಡೂ, ಜೊತೆಗೆ ಅಡಿಕೆ ಸಿಪ್ಪೆ ಹಾಕಿದರು.

ಮೂರನೇ ವಾರಕ್ಕೆ ಗೇಜಿನಲ್ಲಿ ಒತ್ತಡ ಕಾಣುತ್ತಿತ್ತು, ಒಲೆ ಮಾತ್ರ ಹತ್ತುತ್ತಿರಲಿಲ್ಲ. ಕಡ್ಡಿ ಹಿಡಿದರೆ ಬುಸ್ ಅಂದು ಕಡ್ಡಿಯೇ ಆರುತ್ತಿತ್ತು. ಹಸಿ ದಂಟಿನ ಸಿಹಿ ಅಂಶ ಬೇಗ ಹುಳಿಯಾಗುತ್ತದೆ, ಉರಿಯುವ ಅನಿಲವಾದ ಮೀಥೇನ್ ಮಾಡುವ ಜೀವಾಣುಗಳು ಹುಳಿ ತಾಳವು. ಆಗ ಬರುವುದು ಹೆಚ್ಚಾಗಿ ಉರಿಯದ ಇಂಗಾಲದ ಡೈಆಕ್ಸೈಡ್. ಸಗಣಿಯಲ್ಲಿ ಇಂಗಾಲ, ಸಾರಜನಕದ ಪ್ರಮಾಣ ಸುಮಾರು 25ಕ್ಕೆ 1. ದಂಟಿನಲ್ಲಿ 60ರ ಆಸುಪಾಸು, ಅಂದರೆ ಜೀವಾಣುಗಳಿಗೆ ಬೇಕಾದ ಸಾರಜನಕ ಸಾಲದು. ಅಡಿಕೆ ಸಿಪ್ಪೆಯ ನಾರಂತೂ ಗುಂಡಿಯಲ್ಲಿ 40 ದಿನ ಇದ್ದರೂ ಹಾಗೇ ಉಳಿಯುತ್ತದೆ. ಒಣ ದಂಟು ತೇಲಿ, ನಾರಿನೊಡನೆ ಹೆಣೆದುಕೊಂಡು, ಬಗ್ಗಡದ (ಗುಂಡಿಯೊಳಗಿನ ಸಗಣಿ ನೀರಿನ) ಮೇಲೆ ಚಾಪೆಯಂತೆ ಗಟ್ಟಿ ಪದರ ಕಟ್ಟಿತು. ತೇಲುವ ಡ್ರಮ್ಮಿನ ಸ್ಥಾವರವಾಗಿದ್ದರೆ ಡ್ರಮ್ ತಿರುಗಿಸಿ ಪದರ ಒಡೆಯಬಹುದಿತ್ತು. ದೀನಬಂಧುವಿನದು ಇಟ್ಟಿಗೆಯ ಗುಮ್ಮಟ, ತಿರುಗಿಸಲಾಗದು.

ಪದರ ತೆಗೆಯಲು ಯಾರೂ ಗುಂಡಿಗೆ ಇಳಿಯಬೇಡಿ, ಖಾಲಿ ಕಂಡರೂ ಸರಿ. ಒಳಗೆ ಉಸಿರಾಡಲು ಗಾಳಿ ಇರುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದು. ಹಳೇ ಬಾವಿಗೆ ದೀಪ ಇಳಿಸಿ ನೋಡುವ ಹಾಗೆ ಇಲ್ಲಿ ಮಾಡಿದರೆ ಗುಂಡಿ ಸಿಡಿಯಬಹುದು. ಒಳಗೆ ಬಿದ್ದವರನ್ನು ಎತ್ತಲು ಹೋದವರೂ ಅಲ್ಲೇ ಉಳಿದುಬಿಡುತ್ತಾರೆ. ಅಗ್ನಿಶಾಮಕದವರನ್ನು ಕರೆಯಿರಿ.

ಹುಳಿಯಷ್ಟೇ ಆಗಿದ್ದರೆ ಉಳಿಸಿಕೊಳ್ಳಬಹುದು. ಹೊರಬರುವ ಬಗ್ಗಡಕ್ಕೆ ಪಿಎಚ್ ಕಾಗದ (ಹುಳಿ ಅಳೆಯುವ ಕಾಗದ) ಅದ್ದಿ ನೋಡಿ. 7ರ ಹತ್ತಿರ ಇರಬೇಕು. 6.5ಕ್ಕಿಂತ ಇಳಿದಿದ್ದರೆ ಏನನ್ನೂ ಹಾಕದೆ ಒಂದು ವಾರ ಬಿಡಿ. ಆಮೇಲೆ ಚೆನ್ನಾಗಿ ನಡೆಯುವ ಇನ್ನೊಂದು ಸ್ಥಾವರದ ಬಗ್ಗಡ ನಾಲ್ಕೈದು ಬಕೆಟ್ ಹಾಕಿ, ಸಗಣಿ ಅರ್ಧ ಅಳತೆಯಿಂದ ಶುರು ಮಾಡಿ. ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಹಾಕಬಹುದು, ಒಮ್ಮೆಗೇ ಸುರಿಯಬೇಡಿ.

ದಂಟು ಹಾಕಲೇಬೇಕಿದ್ದರೆ ಉಗುರಿನಷ್ಟು ಸಣ್ಣಗೆ ಕೊಚ್ಚಿ, ಬಗ್ಗಡದಲ್ಲಿ ವಾರ ಹತ್ತು ದಿನ ಕೊಳೆಸಿ, ಸಗಣಿಯ ತೂಕದ ಹತ್ತರಲ್ಲೊಂದು ಪಾಲು ಮೀರದಂತೆ ಹಾಕಿ. ಅಡಿಕೆ ಸಿಪ್ಪೆಯನ್ನು ಗೊಬ್ಬರದ ಗುಂಡಿಯಲ್ಲಿ ಹರಡಿ, ಮೇಲೆ ಸ್ಥಾವರದಿಂದ ಬಂದ ಬಗ್ಗಡ ಸುರಿಯಿರಿ.