ಸ್ಟ್ರಿಕ್ಟ್ ಅಥವಾ ವೀಕ್: ಯಾವುದನ್ನು ಹಿಡಿಯಬೇಕು?

ಮೊನಾಯ್ಡಲ್ ಕೆಟಗರಿ ಎಂದರೆ ವಸ್ತುಗಳನ್ನೂ ಅವುಗಳ ನಡುವಿನ ಬಾಣಗಳನ್ನೂ ಗುಣಿಸಬಹುದಾದ ಗಣಿತ ರಚನೆ. ಅದು ಸ್ಟ್ರಿಕ್ಟ್ ಆಗಿದ್ದರೆ ಗುಣಿಸುವಾಗ ಆವರಣ ಎಲ್ಲಿ ಹಾಕಿದರೂ ಉತ್ತರ ಒಂದೇ. ವೀಕ್ ಆದರೆ ಹಾಗಲ್ಲ. ಉತ್ತರಗಳ ನಡುವೆ ಒಂದು ಐಸೊಮಾರ್ಫಿಸಂ, ಅಂದರೆ ಹಿಂದಕ್ಕೂ ಮರಳಬಹುದಾದ ಬಾಣ ಇರುತ್ತದೆ, ಅದನ್ನು ಹೊತ್ತುಕೊಂಡೇ ಓಡಾಡಬೇಕು. 4 ವಸ್ತುಗಳಿಗೆ ಆವರಣ ಹಾಕಲು 5 ದಾರಿ, 5 ವಸ್ತುಗಳಿಗೆ 14. ಬೇಗ ಜಾಸ್ತಿಯಾಗುತ್ತದೆ, ಅಲ್ವಾ?

ಲೆಕ್ಕ ಮಾಡಲು ಸ್ಟ್ರಿಕ್ಟ್ ಹಿಡಿಯಿರಿ. ಆದರೆ ವೆಕ್ಟರ್ ಸ್ಪೇಸ್‌ಗಳ ಟೆನ್ಸರ್ ಗುಣಾಕಾರದಂಥ ನಿಜವಾದ ಉದಾಹರಣೆಗಳು ಹುಟ್ಟುವುದೇ ವೀಕ್ ಆಗಿ. ಇಲ್ಲಿ ನಮ್ಮನ್ನು ಕಾಯುವುದು ಗಣಿತಜ್ಞ ಸಾಂಡರ್ಸ್ ಮ್ಯಾಕ್ ಲೇನ್ 1963ರಲ್ಲಿ ಕೊಟ್ಟ ಕೊಹೆರೆನ್ಸ್ ಪ್ರಮೇಯ: ಆವರಣ ಬದಲಿಸಲು ಯಾವ ದಾರಿ ಹಿಡಿದರೂ ಫಲ ಒಂದೇ. ಅದರಿಂದ ಪ್ರತಿ ಮೊನಾಯ್ಡಲ್ ಕೆಟಗರಿಗೂ ಈಕ್ವಿವಲೆಂಟ್ (ರಚನೆಯಲ್ಲಿ ಸಮಾನ) ಆದ ಸ್ಟ್ರಿಕ್ಟ್ ರೂಪ ಸಿಗುತ್ತದೆ. ಬಾಣಗಳ ನಡುವೆಯೂ ಬಾಣಗಳಿರುವ 2 ಆಯಾಮದ ಬೈಕೆಟಗರಿಗಳಿಗೂ ಇದು ನಿಜ. ಹಾಗಾಗಿ 2 ಆಯಾಮದವರೆಗೆ ಹೆಚ್ಚು ಯೋಚಿಸಬೇಕಿಲ್ಲ.

3ಕ್ಕೆ ಬಂದರೆ ಎಚ್ಚರ. ಬಾಣಗಳ ಇನ್ನೂ ಒಂದು ಹಂತವಿರುವ ಟ್ರೈಕೆಟಗರಿಯನ್ನು ಸುಮ್ನೆ ಪೂರ್ತಿ ಸ್ಟ್ರಿಕ್ಟ್ ಮಾಡಲು ಹೋದರೆ ಬ್ರೇಡಿಂಗ್, ಅಂದರೆ ಜಡೆಯ ಹಾಗೆ ಎಳೆಗಳನ್ನು ದಾಟಿಸುವ ರಚನೆ ಕಳೆದುಹೋಗುತ್ತದೆ. ಎರಡು ಎಳೆಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಮಾಹಿತಿಯೇ ಅಳಿಸಿಹೋಗುತ್ತದೆ. ಗಂಟುಗಳ ಮೇಲೆ ಕೆಲಸ ಮಾಡುವವರಿಗೆ ಬೇಕಾಗಿದ್ದೇ ಅದು! ಇಲ್ಲಿ ನನ್ನ ಆಯ್ಕೆ ಗ್ರೇ ಕೆಟಗರಿ. ಅದರಲ್ಲಿ ಆವರಣದ ಗೊಡವೆ ಇಲ್ಲ, ಇಂಟರ್‌ಚೇಂಜ್ ನಿಯಮ (ಎರಡು ಬೇರೆ ಬೇರೆ ಕೆಲಸಗಳನ್ನು ಯಾವ ಸರದಿಯಲ್ಲಿ ಮಾಡಿದರೂ ಉತ್ತರ ಒಂದೇ ಎನ್ನುವುದು) ಮಾತ್ರ ವೀಕ್. ಪ್ರತಿ ಟ್ರೈಕೆಟಗರಿಯನ್ನೂ ಈ ರೂಪಕ್ಕೆ ತರಬಹುದು ಎಂದು ಗಾರ್ಡನ್, ಪವರ್, ಸ್ಟ್ರೀಟ್ 1995ರಲ್ಲಿ ಸಾಧಿಸಿದರು.