ಕೆಲಸದ ಒತ್ತಡ: ಗೆಳೆಯರ ಹತ್ತಿರ ಹೇಳೋದಾ, ಸಹಾಯವಾಣಿ 14416ಕ್ಕೆ ಕರೆ ಮಾಡೋದಾ?

ಹಾಸನದಲ್ಲಿ ಕೆಲಸ ಮುಗಿಸಿ ಮನೆಗೆ ಬಂದರೂ ತಲೆಯಿಂದ ಆಫೀಸು ಇಳಿಯುತ್ತಿಲ್ಲವಾ? ಮೊದಲು ಜೊತೆ ಕೆಲಸ ಮಾಡುವವರ ಹತ್ತಿರ ಮಾತಾಡಿ. ನಿಮ್ಮ ಟಾರ್ಗೆಟ್ಟು, ಶಿಫ್ಟು ಎಲ್ಲ ಅವರಿಗೆ ಗೊತ್ತು. ಒಂದು ಶಿಫ್ಟ್ ಬದಲಾಯಿಸಿಕೊಂಡರೂ ಹೊರೆ ನಿಜವಾಗಿ ಇಳಿಯುತ್ತದೆ. ಮನೆಯವರು ಅದನ್ನು ಮಾಡಲಾರರು, ಆದರೆ ಕೂತು ಕೇಳುತ್ತಾರೆ. ಅದೂ ಬೇಕು ಅಲ್ವಾ. ಕುಡಿದು ಮರೆಯೋದು ಮಾತ್ರ ಬೇಡ. ಅದು ನಿದ್ದೆಯನ್ನೂ ಮನಸ್ಸನ್ನೂ ಇನ್ನೂ ಜಾಸ್ತಿ ಕೆಡಿಸುತ್ತದೆ.

ಎರಡು ವಾರ ದಾಟಿದರೂ ಬೇಸರ ಬಿಡದೆ, ನಿದ್ದೆ, ಊಟ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ಆಗ ಗೆಳೆಯರ ಮಾತಷ್ಟೇ ಸಾಲದು. 2022ರಲ್ಲಿ ಶುರುವಾದ, ಮನಸ್ಸಿನ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್‌ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದುರಿಗೆ ಕೂತು ಹೇಳಬೇಕು ಅನಿಸಿದರೆ ಹಾಸನದ ಸರ್ಕಾರಿ ಹಿಮ್ಸ್ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಈಗಲೇ ಕರೆ ಮಾಡಿ.